ದಾಳವಿಲ್ಲದ ಆಟ, ಜಾಮೀನಿಲ್ಲದ ಮಾತು



ಚೌಕಾಬಾರ, ಪಗಡೆ, ಹಾವು-ಏಣಿ ಆಡದ ಮನೆ ನಮ್ಮಲ್ಲಿ ಇರಲಿಕ್ಕಿಲ್ಲ. ಈ ಆಟಗಳಲ್ಲೆಲ್ಲ ಸೋತವನಿಗೆ ಒಂದು ಸಮಾಧಾನ ಇದ್ದೇ ಇದೆ. ಕವಡೆ ಸರಿಯಾಗಿ ಬೀಳಲಿಲ್ಲ, ದಾಳ ಕೈಕೊಟ್ಟಿತು ಎಂದು ಹೇಳಿ ಎದ್ದುಬಿಡಬಹುದು. (ಶಕುನಿಯ ದಾಳದ ವಿಷಯ ಬೇರೆ.) ಆದರೆ ದಾಳವೂ ಇಲ್ಲದ, ಕವಡೆಯೂ ಇಲ್ಲದ, ಇಸ್ಪೀಟಿನ ಎಲೆಗಳೂ ಇಲ್ಲದ ಯುದ್ಧದಾಟವೊಂದಿದೆ. ಅದರಲ್ಲಿ ಸೋತವನು ಅದೃಷ್ಟವನ್ನು ದೂರುವಂತಿಲ್ಲ. ನಂಬಿದ ಗೆಳೆಯನನ್ನು ದೂರಬೇಕು, ಇಲ್ಲವೇ ನಂಬಿದ ತನ್ನನ್ನೇ ದೂರಿಕೊಳ್ಳಬೇಕು. ಏಳು ಜನ ಸುತ್ತ ಕುಳಿತು ಆಡುವ ಈ ಆಟದ ಹೆಸರು ‘ಡಿಪ್ಲೊಮಸಿ’. ನಮ್ಮ ಮಾತಿನಲ್ಲಿ ರಾಜತಂತ್ರ ಎನ್ನೋಣ.

ಕುಟುಂಬ ಪತ್ರಿಕೆಯಲ್ಲಿ ಆಟದ ವಿಷಯವೇಕೆ ಎಂದು ಕೆಲವರು ಕೇಳಬಹುದು. ಕಾಲೇಜಿಗೆ ಹೋಗುವ ನಮ್ಮ ಯುವಕರು ಕೆಲವರು ಇದನ್ನು ಹಾಸ್ಟೆಲಿನಲ್ಲಿ ಕಲಿತು ಬಂದು ರಜೆಯಲ್ಲಿ ಊರಿನಲ್ಲಿಯೂ ಆಡುತ್ತಾರೆ. ಅವರಲ್ಲೊಬ್ಬನು ನಮ್ಮನ್ನು ಕೇಳಿದ: “ಫಾದರ್, ಈ ಆಟದಲ್ಲಿ ಮಾತು ಕೊಟ್ಟು ಮುರಿಯದೆ ಗೆಲ್ಲುವುದು ಕಷ್ಟ. ಹಾಗೆ ಮುರಿದರೆ ಅದನ್ನು ಪಾಪನಿವೇದನೆಯಲ್ಲಿ ಹೇಳಬೇಕೇ?” ಅವನು ನಗುತ್ತಲೇ ಕೇಳಿದರೂ ಪ್ರಶ್ನೆ ನಗುವಂಥದ್ದಲ್ಲ. ಧರ್ಮಸಭೆಯ ಮಹಾಪಂಡಿತರು ನೂರಾರು ವರ್ಷ ತಲೆ ಕೆಡಿಸಿಕೊಂಡ ಪ್ರಶ್ನೆಯದು. ಉತ್ತರ ಹೇಳುವ ಮೊದಲು ಆಟವನ್ನು ಸರಿಯಾಗಿ ನೋಡಬೇಕು.

ಅಂಚೆಯಣ್ಣನ ಆಟ

ಇದನ್ನು ಕಂಡುಹಿಡಿದವರು ಅಮೆರಿಕದ ಆಲನ್ ಕ್ಯಾಲ್ಹಮರ್. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಅವರಿಗೆ ಸಿಡ್ನಿ ಫೇ ಎಂಬ ಇತಿಹಾಸಕಾರರ ಪಾಠ ಕೇಳುವ ಅವಕಾಶ ಸಿಕ್ಕಿತು. ಮೊದಲನೆಯ ಮಹಾಯುದ್ಧ ಯಾಕೆ, ಹೇಗೆ ಹತ್ತಿಕೊಂಡಿತು ಎಂಬುದರ ಬಗ್ಗೆ 1928ರಲ್ಲಿ ಎರಡು ಸಂಪುಟಗಳ ದೊಡ್ಡ ಗ್ರಂಥ ಬರೆದವರು ಈ ಫೇ. ಗುಟ್ಟಿನ ಒಪ್ಪಂದಗಳು, ಒಂದರ ಬೆನ್ನಿಗೊಂದು ಕಟ್ಟಿಕೊಂಡ ಮೈತ್ರಿಗಳು ಕೊನೆಗೆ ಇಡೀ ಯುರೋಪನ್ನು ಹೇಗೆ ಎಳೆದೊಯ್ದವು ಎಂಬ ಯೋಚನೆಯೇ 1954ರಲ್ಲಿ ಆಟವಾಗಿ ರೂಪ ತಾಳಿತು. ದೊಡ್ಡ ಕಂಪನಿಗಳು ಬೇಡವೆಂದವು. 1959ರಲ್ಲಿ ಕ್ಯಾಲ್ಹಮರ್ ತಮ್ಮದೇ ಹಣ ಹಾಕಿ 500 ಪೆಟ್ಟಿಗೆಗಳನ್ನು ಮಾಡಿಸಿ ಮಾರಿದರು. ಲೋಕವಿಡೀ ಆಡುವ ಆಟವನ್ನು ಕೊಟ್ಟ ಈ ಮನುಷ್ಯ ಮುಂದೆ ಜೀವನಕ್ಕಾಗಿ ಆರಿಸಿಕೊಂಡದ್ದು ಅಂಚೆಯಣ್ಣನ ಕೆಲಸವನ್ನು. ಇಲಿನಾಯ್ ರಾಜ್ಯದ ಲಾಗ್ರೇಂಜ್ ಪಾರ್ಕ್ ಎಂಬ ತಮ್ಮ ಊರಿನಲ್ಲಿಯೇ ಎರಡು ದಶಕ ಮನೆಮನೆಗೆ ಕಾಗದ ಹಂಚಿದರು. 2013ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರ ಆಟವೂ ಅಂಚೆಯ ಮೂಲಕವೇ ದೂರದೂರಕ್ಕೆ ಹಬ್ಬಿತು ಎಂಬುದು ಸೋಜಿಗ. 1963ರಿಂದ ಬೇರೆ ಬೇರೆ ಊರಿನವರು ಕಾಗದ ಬರೆದುಕೊಂಡೇ ತಿಂಗಳುಗಟ್ಟಲೆ ಆಡತೊಡಗಿದ್ದರು.

ಆಟದ ಹಲಗೆಯ ಮೇಲೆ ಇರುವುದು 1901ರ ಯುರೋಪಿನ ನಕ್ಷೆ. ಇಂಗ್ಲೆಂಡ್, ಫ್ರಾನ್ಸ್, ಜರ್ಮನಿ, ಇಟಲಿ, ಆಸ್ಟ್ರಿಯಾ-ಹಂಗರಿ, ರಷ್ಯಾ, ಟರ್ಕಿ ಎಂಬ ಏಳು ಬಲಿಷ್ಠ ರಾಜ್ಯಗಳು, ಒಬ್ಬೊಬ್ಬರಿಗೆ ಒಂದೊಂದು. ರಷ್ಯಾಕ್ಕೆ ನಾಲ್ಕು ಪಡೆ, ಉಳಿದವರಿಗೆ ಮೂರು ಮೂರು. ನಕ್ಷೆಯಲ್ಲಿ 34 ಸರಬರಾಜು ಕೇಂದ್ರಗಳಿವೆ. ಎಷ್ಟು ಕೇಂದ್ರ ಕೈಯಲ್ಲಿದೆಯೋ ಅಷ್ಟೇ ಪಡೆಗಳನ್ನು ಇಟ್ಟುಕೊಳ್ಳಬಹುದು. 18 ಕೇಂದ್ರ ಹಿಡಿದವನು ಗೆದ್ದ. ಸ್ವಿಟ್ಜರ್ಲೆಂಡಿಗೆ ಯಾರೂ ಕಾಲಿಡುವಂತಿಲ್ಲ. ಗಡಿನಾಡಿನವರಾದ ನಮಗೆ ನಕ್ಷೆಯ ಗೆರೆ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. 1956ರಲ್ಲಿ ನಮ್ಮನ್ನು ಕೇಳದೆಯೇ ಎಳೆದ ಗೆರೆಯ ಆಚೆಗೆ ಉಳಿದವರು ನಾವು. ಈ ಹಲಗೆಯ ಮೇಲೆ ಬೆಲ್ಜಿಯಂ, ಸರ್ಬಿಯಾ, ಬಲ್ಗೇರಿಯದಂಥ ಸಣ್ಣ ನಾಡುಗಳ ಪರವಾಗಿ ಆಡಲು ಯಾರೂ ಕುಳಿತಿಲ್ಲ, ಅವು ದೊಡ್ಡವರು ಹಂಚಿಕೊಳ್ಳಲೆಂದು ಬಿದ್ದಿವೆ ಎಂಬುದು ನಮ್ಮ ಕಣ್ಣಿಗೆ ಮೊದಲು ಬಿದ್ದ ಸಂಗತಿ.

ಪ್ರತಿ ಸುತ್ತಿನ ಮೊದಲು ಮಾತುಕತೆಗೆ ಸಮಯವಿದೆ. ಆಟಗಾರರು ಇಬ್ಬರು ಮೂವರಾಗಿ ಜಗಲಿಗೋ ಅಡುಗೆಮನೆಗೋ ಹೋಗಿ ಗುಟ್ಟು ಮಾತಾಡಿಕೊಳ್ಳಬಹುದು. ಬಳಿಕ ಎಲ್ಲರೂ ತಂತಮ್ಮ ಪಡೆಗಳಿಗೆ ಅಪ್ಪಣೆಯನ್ನು ಚೀಟಿಯಲ್ಲಿ ಬರೆಯುತ್ತಾರೆ. ಚೀಟಿಗಳನ್ನು ಒಟ್ಟಿಗೇ ಬಿಚ್ಚಿ ಓದುತ್ತಾರೆ. ನಾಲಿಗೆ ಏನು ಹೇಳಿತ್ತು, ಕೈ ಏನು ಬರೆದಿತ್ತು ಎಂಬುದು ಆ ಕ್ಷಣದಲ್ಲಿ ಎಲ್ಲರೆದುರು ಬಯಲಾಗುತ್ತದೆ. ಕೊಟ್ಟ ಮಾತನ್ನು ಉಳಿಸಿಕೊಳ್ಳಲೇಬೇಕೆಂಬ ನಿಯಮ ಆಟದಲ್ಲಿ ಇಲ್ಲ.

ಒಂಟಿಗೆ ಬಲವಿಲ್ಲ

ಆಟದ ಜೀವಾಳ ಇರುವುದು ‘ಬೆಂಬಲ’ ಎಂಬ ಒಂದು ನಿಯಮದಲ್ಲಿ. ಎಲ್ಲ ಪಡೆಗಳ ಬಲವೂ ಸಮ. ಎದುರಿನ ಪಡೆಯನ್ನು ಒಂಟಿ ಪಡೆ ಕದಲಿಸಲಾರದು. ಪಕ್ಕದಲ್ಲಿರುವ ಇನ್ನೊಂದು ಪಡೆ ಅದಕ್ಕೆ ಬೆಂಬಲವೆಂದು ಬರೆದರೆ ಮಾತ್ರ ಒಂದು ಎರಡಾಗುತ್ತದೆ. ಆ ಬೆಂಬಲ ಬೇರೆ ರಾಜ್ಯದ್ದೂ ಆಗಬಹುದು. ಉದಾಹರಣೆಗೆ ಬರ್ಗಂಡಿಯಲ್ಲಿರುವ ಫ್ರಾನ್ಸಿನ ದಂಡು ಬೆಲ್ಜಿಯಮ್ಮಿಗೆ ಹೊರಟಿದೆ, ರೂರ್ ಪ್ರಾಂತ್ಯದಿಂದ ಜರ್ಮನಿಯ ದಂಡೂ ಅಲ್ಲಿಗೇ ಹೊರಟಿದೆ ಎಂದಿಟ್ಟುಕೊಳ್ಳೋಣ. ಬಲ ಸಮವಾದ್ದರಿಂದ ಇಬ್ಬರೂ ಇದ್ದಲ್ಲೇ ಉಳಿಯುತ್ತಾರೆ. ಉತ್ತರ ಸಮುದ್ರದಲ್ಲಿರುವ ಇಂಗ್ಲೆಂಡಿನ ನೌಕಾಪಡೆ ಯಾರ ಹೆಸರನ್ನು ಚೀಟಿಯಲ್ಲಿ ಬರೆಯುತ್ತದೆಯೋ ಬೆಲ್ಜಿಯಂ ಅವರದು. ಆದ್ದರಿಂದ ಇಂಗ್ಲೆಂಡಿನವನನ್ನು ಇಬ್ಬರೂ ಜಗಲಿಗೆ ಕರೆಯುತ್ತಾರೆ, ಅವನು ಇಬ್ಬರಿಗೂ ಹೂಂ ಎನ್ನುತ್ತಾನೆ. ಚೀಟಿಯಲ್ಲಿ ಬರೆಯಬಹುದಾದ ಹೆಸರು ಮಾತ್ರ ಒಂದೇ.

ಮೈತ್ರಿಯಿಲ್ಲದೆ ಈ ಆಟದಲ್ಲಿ ಒಂದು ಹೆಜ್ಜೆಯೂ ದೂರ ಸಾಗುವುದಿಲ್ಲ. ಸದಾ ಮೋಸ ಮಾಡುವವನೇ ಗೆಲ್ಲುತ್ತಾನೆಂದು ಹೊಸಬರು ತಿಳಿಯುತ್ತಾರೆ. ಹಳಬರು ನಕ್ಕುಬಿಡುತ್ತಾರೆ. ಎರಡನೆಯ ಸುತ್ತಿನಲ್ಲಿಯೇ ಒಬ್ಬನಿಗೆ ಟೋಪಿ ಹಾಕಿದವನನ್ನು ಉಳಿದ ಐವರು ಗುರುತಿಟ್ಟುಕೊಳ್ಳುತ್ತಾರೆ. ಮೂರನೆಯ ಸುತ್ತಿನಿಂದ ಅವನಿಗೆ ಬೆಂಬಲ ಬರೆಯುವ ಕೈ ಸಿಗುವುದಿಲ್ಲ. ಒಂದೇ ಒಂದು ಕೇಂದ್ರದ ಆಸೆಗೆ ಗೆಳೆಯನನ್ನು ತಿವಿಯುವುದಕ್ಕಿಂತ ದಡ್ಡತನ ಇಲ್ಲ ಎಂಬುದು ನುರಿತವರ ಮಾತು. ಲಾಭ ಬಹಳ ಸಣ್ಣದು, ಪಕ್ಕದಲ್ಲಿ ಉಳಿಯುವ ಹಗೆ ಬಹಳ ದೊಡ್ಡದು. ಅವರು ದೊಡ್ಡ ಮಾತುಗಳನ್ನೂ ಆಡುವುದಿಲ್ಲ. ‘ಆಟ ಮುಗಿಯುವವರೆಗೆ ನಿನ್ನ ಜೊತೆಗಿರುತ್ತೇನೆ’ ಎನ್ನುವ ಬದಲು ‘ಈ ವಸಂತದಲ್ಲಿ ನನ್ನ ನೌಕಾಪಡೆ ಕಪ್ಪು ಸಮುದ್ರಕ್ಕೆ ಬರುವುದಿಲ್ಲ’ ಎನ್ನುತ್ತಾರೆ. ಅಷ್ಟನ್ನು ಹೇಳಿದಂತೆ ನಡೆಸುತ್ತಾರೆ. ಸೋತು ಒಂದೇ ಪಡೆ ಉಳಿದವನ ಹತ್ತಿರವೂ ಹೋಗಿ ಕುಶಲ ವಿಚಾರಿಸುತ್ತಾರೆ. ಆ ಒಂದು ಪಡೆಯ ಬೆಂಬಲವೇ ಯಾವತ್ತೋ ಇಡೀ ರಾಜ್ಯವನ್ನು ಕಾಯುತ್ತದೆ.

ಮೈತ್ರಿ ಹೊರಗೆ ಕಾಣಿಸಿಕೊಂಡರೂ ಅಪಾಯ. ರಷ್ಯಾ ಮತ್ತು ಟರ್ಕಿ ಒಂದಾದರೆ ಪೂರ್ವದಿಂದ ತಡೆಯಲಾಗದ ಪ್ರವಾಹ ಬಂದಂತೆ. ಅದು ಗೊತ್ತಾದ ಕೂಡಲೇ ಪಶ್ಚಿಮದವರು ತಮ್ಮ ಜಗಳ ಬಿಟ್ಟು ಒಂದಾಗುತ್ತಾರೆ. ಆದ್ದರಿಂದ ಜಾಣರು ಮೈತ್ರಿ ಮಾಡಿಕೊಂಡೂ ಎಲ್ಲರೆದುರು ಜಗಳವಾಡುವಂತೆ ನಟಿಸುತ್ತಾರೆ. ಇಬ್ಬರೂ ಕಪ್ಪು ಸಮುದ್ರಕ್ಕೆ ಹೊರಟಂತೆ ಬರೆದು, ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು, ಇದ್ದಲ್ಲೇ ಉಳಿದುಬಿಡುತ್ತಾರೆ!

ಲೆಪಾಂತೊ ಎಂಬ ಹೆಸರು

ಈ ಆಟದ ಆರಂಭದ ನಡೆಗಳಲ್ಲಿ ಒಂದಕ್ಕೆ ‘ಲೆಪಾಂತೊ’ ಎಂಬ ಹೆಸರಿದೆ. ಅಕ್ಟೋಬರ್ ತಿಂಗಳಲ್ಲಿ ಜಪಸರ ಹಿಡಿಯುವ ನಮ್ಮ ಜನರಿಗೆ ಈ ಹೆಸರು ಹೊಸದಲ್ಲ. ಹಲಗೆಯ ಮೇಲೆ ಇಟಲಿಯ ವೆನಿಸ್, ಆಸ್ಟ್ರಿಯಾದ ಟ್ರಿಯೆಸ್ಟ್ ಎರಡೂ ಒಂದಕ್ಕೊಂದು ಅಂಟಿಕೊಂಡಿವೆ. ಬೇರೆ ಬೇರೆ ರಾಜ್ಯಗಳ ತವರು ಕೇಂದ್ರಗಳು ಹೀಗೆ ಗೋಡೆಗೆ ಗೋಡೆ ತಾಗಿರುವುದು ಇಡೀ ನಕ್ಷೆಯಲ್ಲಿ ಇಲ್ಲೊಂದೇ ಕಡೆ. ಸಹಜವಾಗಿ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಭಯ. ಆದರೆ ಇಬ್ಬರೂ ಕಾದಾಡಿದರೆ ಲಾಭ ಟರ್ಕಿಗೆ ಮತ್ತು ರಷ್ಯಾಕ್ಕೆ. ಲೆಪಾಂತೊ ನಡೆಯಲ್ಲಿ ಇಟಲಿ ಆಸ್ಟ್ರಿಯಾವನ್ನು ಮುಟ್ಟುವುದಿಲ್ಲ. ನೌಕಾಪಡೆಯನ್ನು ಅಯೋನಿಯನ್ ಸಮುದ್ರಕ್ಕೆ ಇಳಿಸಿ, ದಂಡನ್ನು ಟ್ಯೂನಿಸ್‌ಗೆ ಸಾಗಿಸಿ, ಮುಂದಿನ ವರ್ಷ ಅದನ್ನೇ ಸಿರಿಯಾದ ದಡದಲ್ಲಿ ಇಳಿಸಿ ಟರ್ಕಿಯ ಹಿತ್ತಲ ಬಾಗಿಲು ತಟ್ಟುತ್ತದೆ. ಅಷ್ಟು ಹೊತ್ತೂ ಆಸ್ಟ್ರಿಯಾದವನು ವೆನಿಸ್‌ನಲ್ಲಿ ನಿಂತಿರುವ ಇಟಲಿಯ ದಂಡಿಗೆ ಬೆನ್ನು ಕೊಟ್ಟು ಕುಳಿತಿರಬೇಕು. ಎರಡು ವರ್ಷದ ನಂಬಿಕೆ ಇಲ್ಲದಿದ್ದರೆ ಈ ನಡೆಯೇ ಇಲ್ಲ. ಇದಕ್ಕೆ ಹೆಸರಿಟ್ಟ ಹೆಸರಾಂತ ಆಟಗಾರ ಎಡಿ ಬಿರ್ಸನ್ ಇತಿಹಾಸ ಬಲ್ಲವರೇ ಇರಬೇಕು.

ಏಕೆಂದರೆ ನಿಜವಾದ ಲೆಪಾಂತೊ ಕೂಡ ಮೈತ್ರಿಯ ಕಥೆಯೇ. ಜಗದ್ಗುರು ಸಂತ ಐದನೇ ಪಿಯುಸ್‌ರವರು 1571ರ ಮೇ ತಿಂಗಳಿನಲ್ಲಿ ಸ್ಪೇನ್, ವೆನಿಸ್ ಮೊದಲಾದವರನ್ನು ಪವಿತ್ರ ಒಕ್ಕೂಟವಾಗಿ ಕೂಡಿಸಿದರು. ಅಕ್ಟೋಬರ್ 7ರಂದು ಟರ್ಕಿಯ ನೌಕಾಪಡೆ ಸೋತಿತು, ಆ ದಿನವೇ ನಮಗೆ ಜಪಸರ ಮಾತೆಯ ಹಬ್ಬವಾಯಿತು. ಇಷ್ಟು ಎಲ್ಲರಿಗೂ ಗೊತ್ತು. ಆಮೇಲಿನದನ್ನು ಪ್ರಸಂಗಗಳಲ್ಲಿ ಹೇಳುವವರು ಕಡಿಮೆ. ಮರುವರ್ಷ ಮೇ 1ರಂದು ಪಿಯುಸ್ ತೀರಿಕೊಂಡರು. 1573ರ ಮಾರ್ಚ್‌ನಲ್ಲಿ ವೆನಿಸ್ ತನ್ನ ಜೊತೆಗಾರರನ್ನು ಬಿಟ್ಟು ಟರ್ಕಿಯೊಂದಿಗೆ ಪ್ರತ್ಯೇಕ ಸಂಧಿ ಮಾಡಿಕೊಂಡಿತು. ಯಾವ ಸೈಪ್ರಸ್ ದ್ವೀಪಕ್ಕಾಗಿ ಯುದ್ಧ ಶುರುವಾಗಿತ್ತೋ ಅದನ್ನೇ ಬಿಟ್ಟುಕೊಟ್ಟಿತು. ವೆನಿಸ್ ವ್ಯಾಪಾರದ ಊರು, ಯುದ್ಧ ನಿಂತರೆ ಅದಕ್ಕೆ ಬದುಕು. ಸ್ಪೇನ್‌ಗೆ ಅದು ದ್ರೋಹವೆಂದು ಕಂಡಿತು. ಎರಡೂ ಕಡೆ ಸ್ವಲ್ಪ ಸ್ವಲ್ಪ ನ್ಯಾಯ ಇತ್ತು ಎನ್ನುವುದು ನಮ್ಮ ಅಭಿಪ್ರಾಯ. ಸಂತರೊಬ್ಬರು ಕಟ್ಟಿದ ಒಕ್ಕೂಟವೂ ಎರಡು ವರ್ಷ ತುಂಬುವ ಮೊದಲೇ ಬಿಚ್ಚಿಕೊಂಡಿತು.

ಇನ್ನು 1901ರ ನಕ್ಷೆಯ ನಿಜವಾದ ಇಟಲಿ ಏನು ಮಾಡಿತು? 1882ರಿಂದ ಅದು ಜರ್ಮನಿ ಮತ್ತು ಆಸ್ಟ್ರಿಯಾದ ಮಿತ್ರ. 1914ರಲ್ಲಿ ಯುದ್ಧ ಬಂದಾಗ ‘ನಮ್ಮ ಒಪ್ಪಂದ ಆತ್ಮರಕ್ಷಣೆಗೆ ಮಾತ್ರ’ ಎಂದು ತಟಸ್ಥವಾಯಿತು. 1915ರ ಏಪ್ರಿಲ್ 26ರಂದು ಲಂಡನ್ನಿನಲ್ಲಿ ಬ್ರಿಟನ್, ಫ್ರಾನ್ಸ್, ರಷ್ಯಾಗಳೊಂದಿಗೆ ಗುಟ್ಟಿನ ಒಪ್ಪಂದಕ್ಕೆ ಸಹಿ ಹಾಕಿತು. ಮೇ 23ರಂದು ಆಸ್ಟ್ರಿಯಾದ ಮೇಲೆ ಯುದ್ಧ ಸಾರಿತು. ಆ ಗುಟ್ಟಿನ ಒಪ್ಪಂದದ 15ನೇ ಕಲಮು ಏನು ಗೊತ್ತೇ? ಮುಂದೆ ನಡೆಯುವ ಶಾಂತಿ ಮಾತುಕತೆಯಲ್ಲಿ ಜಗದ್ಗುರುಗಳ ಪ್ರತಿನಿಧಿಗೆ ಸ್ಥಾನ ಕೊಡಬಾರದೆಂಬ ಇಟಲಿಯ ಬೇಡಿಕೆಗೆ ಉಳಿದ ಮೂವರ ಬೆಂಬಲ. 1917ರ ಕೊನೆಯಲ್ಲಿ ರಷ್ಯಾದ ಹೊಸ ಕ್ರಾಂತಿಕಾರಿ ಸರ್ಕಾರ ಇಂಥ ಗುಟ್ಟುಗಳನ್ನೆಲ್ಲ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದಾಗಲೇ ಲೋಕಕ್ಕೆ ಇದು ತಿಳಿದದ್ದು.

ಹದಿನೇಳು ಮತ್ತು ಹದಿನೇಳು

ಕ್ಯಾಲ್ಹಮರ್ ಅವರ ಲೆಕ್ಕಾಚಾರದಲ್ಲಿ ನಮ್ಮನ್ನು ಬೆಚ್ಚಿಬೀಳಿಸಿದ್ದು ಒಂದು ಸಣ್ಣ ಸಂಖ್ಯೆ. ಒಟ್ಟು ಕೇಂದ್ರಗಳು 34. ಇಬ್ಬರು ಗೆಳೆಯರು ಮೊದಲಿನಿಂದ ಕೊನೆಯವರೆಗೆ ಪ್ರಾಮಾಣಿಕರಾಗಿ, ಸಮಪಾಲು ಹಂಚಿಕೊಂಡು, ಉಳಿದ ಐವರನ್ನೂ ಸೋಲಿಸಿದರೆ ತಲಾ 17 ಆಗುತ್ತದೆ. ಗೆಲ್ಲಲು 18 ಬೇಕು. ಆ ಒಂದು ಕೇಂದ್ರ ಗೆಳೆಯನ ಕೈಯಿಂದಲ್ಲದೆ ಬೇರೆಲ್ಲಿಂದಲೂ ಬರುವಂತಿಲ್ಲ. ಆರೇಳು ಗಂಟೆ ಹೆಗಲಿಗೆ ಹೆಗಲು ಕೊಟ್ಟವನ ಬೆನ್ನು ಈಗ ಎದುರಿಗಿದೆ, ಕೈಯಲ್ಲಿ ಪೆನ್ಸಿಲ್ ಇದೆ. ಇಬ್ಬರೂ ಒಪ್ಪಿ ಆಟವನ್ನು ಸಮ ಎಂದು ಮುಗಿಸಲು ನಿಯಮ ಅವಕಾಶ ಕೊಡುತ್ತದೆ. ಹಾಗೆ ಮುಗಿಸುವವರೂ ಇದ್ದಾರೆ, ಅವರನ್ನು ಅಳ್ಳೆದೆಯವರೆಂದು ಹಾಸ್ಯ ಮಾಡುವವರೂ ಇದ್ದಾರೆ. ನಮಗಂತೂ ಅವರ ಮೇಲೆ ಗೌರವವಿದೆ.

ಈಗ ಆ ಯುವಕನ ಪ್ರಶ್ನೆಗೆ ಬರೋಣ. ಸುಳ್ಳಿನ ವಿಷಯದಲ್ಲಿ ಸಂತ ಆಗಸ್ಟೀನರು ಬಹಳ ಬಿಗಿ. ಸುಳ್ಳಿನ ವಿರುದ್ಧ ಎರಡು ಗ್ರಂಥಗಳನ್ನೇ ಬರೆದು, ಯಾವ ಒಳ್ಳೆಯ ಉದ್ದೇಶಕ್ಕೂ ಸುಳ್ಳು ಸಲ್ಲದು ಎಂದರು. ಸಂತ ಥಾಮಸ್ ಅಕ್ವಿನಾಸರೂ ಅದನ್ನು ಒಪ್ಪುತ್ತಾರೆ. ಆದರೆ ಯುದ್ಧದಲ್ಲಿ ಹೊಂಚು ಹಾಕಬಹುದೇ ಎಂಬ ಪ್ರಶ್ನೆಯನ್ನು ಎತ್ತಿಕೊಂಡು ಅವರು ಒಂದು ನವಿರಾದ ಗೆರೆ ಎಳೆಯುತ್ತಾರೆ. ನಮ್ಮ ಯೋಜನೆಯನ್ನು ಶತ್ರುವಿಗೆ ಹೇಳದೆ ಮುಚ್ಚಿಡುವುದು ಬೇರೆ. ಅವನಿಗೆ ಸುಳ್ಳು ಹೇಳುವುದು ಅಥವಾ ಕೊಟ್ಟ ಮಾತನ್ನು ಮುರಿಯುವುದು ಬೇರೆ. ಮೊದಲನೆಯದು ಸಲ್ಲುತ್ತದೆ. ಆಯಿ ಪಟ್ಟಣದ ಹಿಂದೆ ಹೊಂಚು ಹಾಕಲು ದೇವರೇ ಯೆಹೋಶುವನಿಗೆ ಹೇಳಲಿಲ್ಲವೇ? ಎರಡನೆಯದು ಶತ್ರುವಿನ ಜೊತೆಗೂ ಸಲ್ಲದು.

ಅದೇ ಯೆಹೋಶುವನ ಗ್ರಂಥದ ಮುಂದಿನ ಅಧ್ಯಾಯವನ್ನೇ ತೆಗೆದು ಓದಿರಿ. ಗಿಬ್ಯೋನಿನವರು ಹರಕು ಬಟ್ಟೆ ಉಟ್ಟು, ಬೂಸ್ಟು ಹಿಡಿದ ರೊಟ್ಟಿ ಕಟ್ಟಿಕೊಂಡು, ಬಹು ದೂರದಿಂದ ಬಂದವರಂತೆ ನಟಿಸಿ ಇಸ್ರಯೇಲರಿಂದ ಸಂಧಿ ಪಡೆದರು. ಮೂರು ದಿನದಲ್ಲಿ ಮೋಸ ಬಯಲಾಯಿತು. ಜನ ಗೊಣಗಿದರು. ಆದರೂ ಆಣೆ ಇಟ್ಟ ಮೇಲೆ ಮುಗಿಯಿತು ಎಂದು ನಾಯಕರು ಅವರನ್ನು ಕೊಲ್ಲಿಸಲಿಲ್ಲ. ಎಷ್ಟೋ ತಲೆಮಾರಿನ ನಂತರ ಸೌಲನು ಆ ಮಾತನ್ನು ಮುರಿದ. ಅದರ ಫಲವಾಗಿ ದಾವೀದನ ಕಾಲದಲ್ಲಿ ಮೂರು ವರ್ಷ ಬರ ಬಿತ್ತೆಂದು ಸಮುವೇಲನ ಎರಡನೆಯ ಗ್ರಂಥದ 21ನೇ ಅಧ್ಯಾಯ ಹೇಳುತ್ತದೆ. ಮೋಸದಿಂದ ಪಡೆದ ಮಾತಿಗೂ ಅಷ್ಟು ತೂಕ.

ಹಾಗಾದರೆ ಆಟ? ತಪಸ್ಸು ಕಾಲದಲ್ಲಿ ಯೇಸುಸ್ವಾಮಿಯ ಪಾಡುಗಳ ನಾಟಕ ಆಡುತ್ತೇವೆ. ಯೂದನ ಪಾತ್ರದವನು ಎಲ್ಲರೆದುರು ಮುತ್ತಿಟ್ಟು ಗುರುವನ್ನು ಹಿಡಿದುಕೊಡುತ್ತಾನೆ. ಅವನನ್ನು ಪಾಪನಿವೇದನೆಗೆ ಕಳಿಸುವುದಿಲ್ಲವಲ್ಲ! ಏಳು ಜನರೂ ‘ಇಲ್ಲಿ ಮಾತಿಗೆ ಜಾಮೀನಿಲ್ಲ’ ಎಂದು ಮೊದಲೇ ಒಪ್ಪಿ ಕುಳಿತಿರುವಾಗ ಹಲಗೆಯ ಮೇಲಿನ ಮಾತು ಕಾಯಿ ನಡೆಸಿದಂತೆ. ಅದು ಪಾಪವಲ್ಲ ಎಂದೇ ಅವನಿಗೆ ಹೇಳಿದೆವು. ಆಟ, ನಗು ಮನಸ್ಸಿಗೆ ಬೇಕು, ಅದಕ್ಕೂ ಒಂದು ಸದ್ಗುಣವಿದೆ ಎಂದು ಸಂತ ಥಾಮಸರೇ ಬರೆದಿದ್ದಾರೆ. ಆದರೆ ನಂಬಿಸಲಿಕ್ಕಾಗಿ ‘ಅಮ್ಮನಾಣೆ’ ಎಂದರೆ, ಕೊರಳಿನ ಜಪಸರ ಮುಟ್ಟಿ ಹೇಳಿದರೆ, ‘ನಾನು ನಿನ್ನ ಅಕ್ಕನನ್ನು ಮದುವೆಯಾದವನು, ನಿನಗೆ ಮೋಸ ಮಾಡುತ್ತೇನೆಯೇ ಮಾರಾಯ’ ಎಂದರೆ ಆ ಮಾತು ಹಲಗೆಯಿಂದ ಕೆಳಗಿಳಿದು ಮನೆಯೊಳಗೆ ಬಂತು. ಹಲಗೆ ಮಡಚಿದ ಮೇಲೂ ಅದು ಮನೆಯಲ್ಲಿಯೇ ಉಳಿಯುತ್ತದೆ. ಅದನ್ನು ಆಟವೆನ್ನಲು ನಮ್ಮಿಂದಾಗದು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಒಂದು ಇದೆ, ಫಾದರ್” ಎಂದ. ಮುಂದಿನದು ಇಲ್ಲಿ ಬರೆಯುವಂಥದ್ದಲ್ಲ.

ಯಂತ್ರವೂ ಆಡಿತು

2022ರ ನವೆಂಬರಿನಲ್ಲಿ ಮೆಟಾ ಕಂಪನಿಯವರು ಈ ಆಟವಾಡುವ ಕಂಪ್ಯೂಟರ್ ಪ್ರೋಗ್ರಾಮಿನ ಬಗ್ಗೆ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಚದುರಂಗದಲ್ಲಿ ಯಂತ್ರ ಗೆದ್ದು ಬಹಳ ಕಾಲವಾಗಿತ್ತು. ಆದರೆ ಇಲ್ಲಿ ಮನುಷ್ಯರ ಜೊತೆ ಮಾತಾಡಿ ನಂಬಿಕೆ ಗಳಿಸಬೇಕು. ಅದು ಇಂಟರ್ನೆಟ್ಟಿನಲ್ಲಿ 40 ಆಟಗಳನ್ನು ಆಡಿತು, ಒಂದಕ್ಕಿಂತ ಹೆಚ್ಚು ಆಟ ಆಡಿದವರಲ್ಲಿ ಮೊದಲ ಶೇಕಡ 10ರೊಳಗೆ ನಿಂತಿತು. ಹೆಚ್ಚಾಗಿ ಪ್ರಾಮಾಣಿಕವಾಗಿರುವಂತೆ ಅದನ್ನು ತಯಾರು ಮಾಡಿದ್ದೇವೆಂದು ಮಾಡಿದವರು ಹೇಳಿಕೊಂಡರು. ಅದೂ ಮಾತು ಕೊಟ್ಟು ಮುರಿದ ಉದಾಹರಣೆಗಳನ್ನು 2024ರಲ್ಲಿ ಬೇರೆ ಸಂಶೋಧಕರು ಎತ್ತಿ ತೋರಿಸಿದರು. ಅದಕ್ಕೆ ಇಟ್ಟ ಹೆಸರು ‘ಸಿಸೆರೊ’. ನಮಗೆ ನಗು ಬಂತು. ರೋಮಿನ ನಿಜವಾದ ಸಿಸೆರೊ ಕ್ರಿ.ಪೂ. 44ರಲ್ಲಿ ಕರ್ತವ್ಯಗಳ ಬಗ್ಗೆ ಬರೆದ ಗ್ರಂಥದಲ್ಲಿ ಶತ್ರುವಿಗೆ ಕೊಟ್ಟ ಮಾತನ್ನೂ ಉಳಿಸಬೇಕೆಂದು ಹೇಳಿ, ಮರಳಿ ಹೋದರೆ ಸಾವೆಂದು ತಿಳಿದೂ ಆಣೆಗಾಗಿ ಕಾರ್ತೇಜಿಗೆ ಹಿಂದಿರುಗಿದ ರೆಗುಲಸ್‌ನ ಕಥೆ ಹೇಳುತ್ತಾನೆ. ಸಂತ ಆಂಬ್ರೋಸರು ಅದೇ ಹೆಸರಿನ ಗ್ರಂಥ ಬರೆದರು, ಹೊಂಚಿನ ಪ್ರಶ್ನೆಯಲ್ಲಿ ಅಕ್ವಿನಾಸರು ಆಧಾರವಾಗಿ ಹಿಡಿದದ್ದು ಆ ಆಂಬ್ರೋಸರನ್ನೇ.

ಹಲಗೆಯ ಮೇಲಿಲ್ಲದವರು

ಕ್ಯಾಲ್ಹಮರ್‌ರ ನಕ್ಷೆಯಲ್ಲಿ ರೋಮ್ ಇಟಲಿಯ ಒಂದು ಸರಬರಾಜು ಕೇಂದ್ರ ಅಷ್ಟೆ. ಅದು ಚರಿತ್ರೆಗೆ ಸರಿಯಾಗಿಯೇ ಇದೆ. 1870ರಲ್ಲಿ ರೋಮ್ ಕೈತಪ್ಪಿತ್ತು, ವ್ಯಾಟಿಕನ್ ರಾಷ್ಟ್ರವಾದದ್ದು 1929ರಲ್ಲಿ. 1901ರಲ್ಲಿ ಜಗದ್ಗುರುಗಳಿಗೆ ದಂಡೂ ಇಲ್ಲ, ನೌಕಾಪಡೆಯೂ ಇಲ್ಲ. ಹದಿನೈದನೇ ಬೆನೆಡಿಕ್ಟರು 1917ರ ಆಗಸ್ಟ್ 1ರಂದು ಯುದ್ಧನಿರತ ರಾಷ್ಟ್ರಗಳಿಗೆ ಶಾಂತಿಯ ಪತ್ರ ಬರೆದು, ಆಯುಧ ಕಡಿಮೆ ಮಾಡಿರಿ, ವ್ಯಾಜ್ಯಗಳನ್ನು ಪಂಚಾಯಿತಿಗೆ ಒಪ್ಪಿಸಿರಿ, ಬೆಲ್ಜಿಯಮ್ಮನ್ನು ಬಿಟ್ಟುಕೊಡಿರಿ ಎಂದು ಬೇಡಿಕೊಂಡರು. ಯಾರೂ ಕಿವಿಗೊಡಲಿಲ್ಲ. ಒಂದು ಪಡೆಯೂ ಇಲ್ಲದವನ ಬೆಂಬಲ ಯಾರಿಗೆ ಬೇಕು?

ಅರವತ್ತೊಂದು ವರ್ಷಗಳ ಬಳಿಕ ದಕ್ಷಿಣ ಅಮೆರಿಕದ ತುತ್ತತುದಿಯಲ್ಲಿ, ಬೀಗಲ್ ಕಾಲುವೆಯ ಬಾಯಲ್ಲಿರುವ ಮೂರು ಪುಟ್ಟ ದ್ವೀಪಗಳಿಗಾಗಿ ಅರ್ಜೆಂಟೀನಾ ಮತ್ತು ಚಿಲಿ ಕತ್ತಿ ಹಿರಿದು ನಿಂತವು. ಎರಡೂ ಕಥೋಲಿಕ ದೇಶಗಳು. 1978ರ ಕ್ರಿಸ್ಮಸ್ ಹೊತ್ತಿಗೆ ಹಡಗುಗಳು ಸಮುದ್ರಕ್ಕಿಳಿದಿದ್ದವು. ಆಗ ಜಗದ್ಗುರು ಎರಡನೇ ಜಾನ್ ಪಾಲ್‌ರು ಕಾರ್ಡಿನಲ್ ಅಂತೋನಿಯೊ ಸಮೊರೆ ಎಂಬ ವೃದ್ಧ ರಾಜತಂತ್ರಜ್ಞರನ್ನು ಕಳುಹಿಸಿದರು. ಅವರು ಎರಡು ರಾಜಧಾನಿಗಳ ನಡುವೆ ಹಾರಾಡಿ, 1979ರ ಜನವರಿ 8ರಂದು ಎರಡೂ ಕಡೆಯವರಿಂದ ಬಲಪ್ರಯೋಗ ಮಾಡುವುದಿಲ್ಲವೆಂಬ ಮಾತನ್ನು ಬರೆಸಿಕೊಂಡರು. ಒಂದು ಸಣ್ಣ, ಸ್ಪಷ್ಟವಾದ ಮಾತು. ಉಳಿದದ್ದಕ್ಕೆ ಸುಮಾರು ಆರು ವರ್ಷ ಹಿಡಿಯಿತು. ಸಿಟ್ಟು, ಬಹಿಷ್ಕಾರ, ಗಡಿ ಮುಚ್ಚುವಿಕೆ ಎಲ್ಲವೂ ನಡುವೆ ಬಂದುಹೋದವು. ಎರಡೂ ಕಡೆಯವರು ತಮ್ಮ ಗುಟ್ಟನ್ನು ಧೈರ್ಯವಾಗಿ ಹೇಳಿಕೊಳ್ಳಬಹುದಾಗಿದ್ದದ್ದು ಆ ದ್ವೀಪಗಳಲ್ಲಿ ಯಾವುದನ್ನೂ ತನಗಾಗಿ ಬಯಸದವನ ಹತ್ತಿರ ಮಾತ್ರ. 1984ರ ನವೆಂಬರ್ 29ರಂದು ವ್ಯಾಟಿಕನ್ನಿನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ದ್ವೀಪಗಳು ಚಿಲಿಗೆ ಉಳಿದವು, ಸಮುದ್ರದ ಹಕ್ಕುಗಳನ್ನು ಇಬ್ಬರೂ ಹಂಚಿಕೊಂಡರು.

ಆ ಸಹಿಯನ್ನು ನೋಡಲು ಸಮೊರೆ ಇರಲಿಲ್ಲ. 1983ರ ಫೆಬ್ರವರಿಯಲ್ಲಿಯೇ ಅವರು ಪ್ರಭುವಿನಲ್ಲಿ ನಿದ್ರಿಸಿದ್ದರು. ಆಂಡಿಸ್ ಪರ್ವತಗಳ ನಡುವೆ ಎರಡೂ ದೇಶಗಳನ್ನು ಕೂಡಿಸುವ ಒಂದು ಕಣಿವೆಯ ದಾರಿಗೆ ಈಗ ಅವರ ಹೆಸರಿದೆ. ಚಿಲಿಯ ಓಸೊರ್ನೊ ಊರಿನಿಂದ ಅರ್ಜೆಂಟೀನಾದ ಬರಿಲೋಚೆ ಊರಿಗೆ ಹೋಗುವ ಬಸ್ಸುಗಳು, ಸಾಮಾನಿನ ಲಾರಿಗಳು ‘ಕಾರ್ಡಿನಲ್ ಅಂತೋನಿಯೊ ಸಮೊರೆ’ ಎಂದು ಬರೆದ ಗಡಿಯನ್ನು ಕಾಗದ ತೋರಿಸಿ ದಾಟುತ್ತವೆ.